ಮೂರು ದೇಶ, ಒಂದು ಸರೋವರ: ಬೋಡೆನ್‌ಸೇ ದಡದ ಮ್ಯಾರಥಾನ್ ಓಡುವವರಿಗೆ ಸಮಗ್ರ ಮಾರ್ಗದರ್ಶಿ

ಜರ್ಮನಿಯ ಒಂದು ಪುಟ್ಟ ದ್ವೀಪದಲ್ಲಿ ಓಟ ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ನೀವು ಆಸ್ಟ್ರಿಯಾದಲ್ಲಿರುತ್ತೀರಿ. ಇನ್ನೂ ಮುಂದೆ ಹೋದರೆ ಸ್ವಿಟ್ಜರ್‌ಲೆಂಡ್. ಅಲ್ಲಿಂದ ತಿರುಗಿ ಬಂದು ಮತ್ತೆ ಆಸ್ಟ್ರಿಯಾದ ಕ್ರೀಡಾಂಗಣದಲ್ಲಿ ಓಟ ಮುಗಿಯುತ್ತದೆ. ಒಟ್ಟು 42.195 ಕಿಲೋಮೀಟರ್, ಮೂರು ದೇಶ, ಪಕ್ಕದಲ್ಲಿ ಒಂದು ದೊಡ್ಡ ಸರೋವರ. ಇದರ ಹೆಸರು ಡ್ರೈ ಲೆಂಡರ್ ಮ್ಯಾರಥಾನ್. ಅಂದರೆ ಮೂರು ದೇಶಗಳ ಮ್ಯಾರಥಾನ್. 2001ರಲ್ಲಿ ಶುರುವಾದ ಓಟ ಇದು. ನಡೆಯುವುದು ಅಕ್ಟೋಬರ್ ತಿಂಗಳ ಒಂದು ಭಾನುವಾರ.

ಸರೋವರಕ್ಕೆ ಜರ್ಮನ್ನರು ಬೋಡೆನ್‌ಸೇ ಅನ್ನುತ್ತಾರೆ. ಇಂಗ್ಲಿಷ್ ನಕ್ಷೆಗಳಲ್ಲಿ ಲೇಕ್ ಕಾನ್‌ಸ್ಟನ್ಸ್. ಸುಮಾರು 536 ಚದರ ಕಿಲೋಮೀಟರ್ ನೀರು. ಉದ್ದ 63 ಕಿಲೋಮೀಟರ್, ಆಳ 250 ಮೀಟರ್‌ಗೂ ಜಾಸ್ತಿ. ಲಿಂಡಾವ್ ಎಂಬ ದ್ವೀಪದ ಊರಿನಿಂದ ಹೊರಟು, ಲೋಖಾವ್, ಬ್ರೆಗೆಂಜ್, ಹಾರ್ಡ್, ಫೂಸಾಖ್, ಹೋಕ್ಸ್ಟ್ ದಾಟಿ, ಸ್ವಿಟ್ಜರ್‌ಲೆಂಡಿನ ಸಾಂಕ್ಟ್ ಮಾರ್ಗ್ರೇಟನ್ ಮುಟ್ಟಿ, ಮತ್ತೆ ಬ್ರೆಗೆಂಜ್‌ಗೆ ಬರುವುದು ಓಟದ ದಾರಿ.

ಫೋಟೋ ನೋಡಿದವರು ಪೂರ್ತಿ ಓಟ ನೀರಿನ ಪಕ್ಕದಲ್ಲೇ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಿಜ ಏನೆಂದರೆ, ಸರೋವರ ಚೆನ್ನಾಗಿ ಕಾಣುವುದು ಮೊದಲ ಭಾಗದಲ್ಲಿ, ಆಮೇಲೆ ಕೊನೆಯಲ್ಲಿ. ನಡುವಿನ ದೊಡ್ಡ ಪಾಲು ರೈನ್ ನದಿಯ ಬಯಲಿನಲ್ಲಿ, ಊರುಗಳ ಬೀದಿ ಮತ್ತು ಹೊಲಗಳ ನಡುವೆ. ಈ ಓಟಕ್ಕೆ ತಯಾರಿ ಅಂದರೆ ಆ ನಡುವಿನ ಭಾಗಕ್ಕೆ ತಯಾರಿ. ಈ ಬರಹದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ.

ಮೊದಲು ಯಾವ ದೂರ ಅಂತ ನಿರ್ಧರಿಸಿ

ಪೂರ್ತಿ ಮ್ಯಾರಥಾನ್ ಅಲ್ಲದೆ ಅರ್ಧ ಮ್ಯಾರಥಾನ್, ಕಾಲು ಮ್ಯಾರಥಾನ್ ಮತ್ತು ತಂಡವಾಗಿ ಓಡುವ ರಿಲೇ ಕೂಡ ಇವೆ. ಕಾಲು ಮ್ಯಾರಥಾನ್ ಸುಮಾರು 11 ಕಿಲೋಮೀಟರ್, ಲಿಂಡಾವ್‌ನಿಂದ ಬ್ರೆಗೆಂಜ್‌ವರೆಗೆ. ಅರ್ಧ ಓಡುವವರು ಹಾರ್ಡ್ ಕಡೆ ಹೋಗಿ ಬ್ರೆಗೆಂಜ್‌ಗೆ ತಿರುಗುತ್ತಾರೆ. ಅವರಿಗೆ ಎರಡು ದೇಶ ಸಿಗುತ್ತದೆ, ಸ್ವಿಟ್ಜರ್‌ಲೆಂಡ್ ಸಿಗುವುದಿಲ್ಲ. ಮೂರನೇ ದೇಶ ಬೇಕು ಅಂದರೆ ಪೂರ್ತಿ ಓಡಲೇಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಹಿಂದೆ ಒಂದಾದರೂ ಪೂರ್ತಿ ಮ್ಯಾರಥಾನ್ ಓಡಿದವರು ಮಾತ್ರ ಇಲ್ಲಿ ಪೂರ್ತಿಗೆ ಹೆಸರು ಕೊಡಿ. ಮೊದಲ ಮ್ಯಾರಥಾನ್‌ಗೆ ವೀಸಾ, ವಿಮಾನ, ಚಳಿ, ಗೊತ್ತಿಲ್ಲದ ಊಟ ಎಲ್ಲವೂ ಸೇರಿದರೆ ಭಾರ ಜಾಸ್ತಿ. ಮನೆಯವರು ಜೊತೆಗೆ ಬರುತ್ತಿದ್ದರೆ ಅವರಿಗೆ ಕಾಲು ಮ್ಯಾರಥಾನ್ ತುಂಬಾ ಒಳ್ಳೆಯದು. ಓಟದ ಅತಿ ಸುಂದರ ಭಾಗ ಅದರಲ್ಲೇ ಇದೆ.

ಹೆಸರು ಕೊಡುವುದು ಆನ್‌ಲೈನ್‌ನಲ್ಲೇ. ಇಂಥ ಓಟಗಳಲ್ಲಿ ಸಾಮಾನ್ಯವಾಗಿ ಬೇಗ ಕೊಟ್ಟರೆ ಶುಲ್ಕ ಕಡಿಮೆ. ಹೆಸರು ಕೊಟ್ಟ ದೃಢೀಕರಣದ ಕಾಗದವನ್ನು ಮುದ್ರಿಸಿ ಇಟ್ಟುಕೊಳ್ಳಿ. ವೀಸಾ ಅರ್ಜಿಗೆ ಅದು ಬೇಕು. ಆ ವರ್ಷದ ದಾರಿಯ ನಕ್ಷೆ ಮತ್ತು ಓಟ ಮುಗಿಸಬೇಕಾದ ಗರಿಷ್ಠ ಸಮಯ ಎರಡನ್ನೂ ಹಣ ಕಟ್ಟುವ ಮುಂಚೆಯೇ ಓದಿ.

ವೀಸಾ: ಮೂರು ದೇಶಕ್ಕೆ ಒಂದೇ

ಇದು ಖುಷಿಯ ಸುದ್ದಿ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್ ಮೂರೂ ಶೆಂಗೆನ್ ವಲಯದಲ್ಲಿವೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿವೆ. ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಆದರೆ 2008ರಿಂದ ಶೆಂಗೆನ್‌ನಲ್ಲಿದೆ. ಹಾಗಾಗಿ ಒಂದೇ ಶೆಂಗೆನ್ ವೀಸಾ ಸಾಕು.

ಯಾವ ದೇಶಕ್ಕೆ ಅರ್ಜಿ ಹಾಕುವುದು? ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ನಿಯಮ ಸರಳ. ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶಕ್ಕೆ. ಎಲ್ಲ ಕಡೆ ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಲಿಂಡಾವ್‌ನಲ್ಲಿ ಉಳಿದರೆ ಜರ್ಮನಿ, ಬ್ರೆಗೆಂಜ್‌ನಲ್ಲಿ ಉಳಿದರೆ ಆಸ್ಟ್ರಿಯಾ. ಜೂರಿಕ್‌ನಲ್ಲಿ ವಿಮಾನ ಇಳಿದ ಮಾತ್ರಕ್ಕೆ ಸ್ವಿಟ್ಜರ್‌ಲೆಂಡಿಗೆ ಅರ್ಜಿ ಹಾಕಬೇಕಿಲ್ಲ. ಅಂದರೆ ಹೋಟೆಲ್ ಎಲ್ಲಿ ಅನ್ನುವುದು ಮೊದಲು ತೀರ್ಮಾನ ಆಗಬೇಕು, ವೀಸಾ ಆಮೇಲೆ.

ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮುಂಚೆ, ಆದರೆ ಅಲ್ಲಿಯವರೆಗೆ ಕಾಯಬೇಡಿ. ಬೇಸಿಗೆ ರಜೆಯ ನೂಕುನುಗ್ಗಲಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಜೂನ್ ಅಥವಾ ಜುಲೈಯಲ್ಲಿ ಮುಗಿಸಿಬಿಡಿ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಪಾಸ್‌ಪೋರ್ಟ್ ನೀವು ವಾಪಸ್ ಹೊರಡುವ ದಿನದ ನಂತರವೂ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು ಕಡ್ಡಾಯ. ವಿಮೆಯ ಷರತ್ತುಗಳಲ್ಲಿ ಓಟದ ಸ್ಪರ್ಧೆಗೆ ರಕ್ಷಣೆ ಇದೆಯಾ ಅಂತ ಕಣ್ಣಿಟ್ಟು ಓದಿ. ಕೆಲವು ಪಾಲಿಸಿಗಳು ಸ್ಪರ್ಧೆಗಳನ್ನು ಹೊರಗಿಡುತ್ತವೆ.

ಗಡಿಯಲ್ಲಿ ಗೇಟು, ಸರಪಳಿ ಯಾವುದೂ ಇಲ್ಲ ಅಂತ ಪಾಸ್‌ಪೋರ್ಟ್ ರೂಮಿನಲ್ಲಿ ಬಿಟ್ಟು ಓಡಾಡಬೇಡಿ. ಈಚಿನ ವರ್ಷಗಳಲ್ಲಿ ಜರ್ಮನಿ ತನ್ನ ಗಡಿಗಳಲ್ಲಿ ತಾತ್ಕಾಲಿಕ ತಪಾಸಣೆ ಮತ್ತೆ ಶುರು ಮಾಡಿದೆ. ಬ್ರೆಗೆಂಜ್‌ನಿಂದ ಲಿಂಡಾವ್‌ಗೆ ಹೋಗುವ ರೈಲಿನಲ್ಲೂ ಪೊಲೀಸರು ಕೇಳಬಹುದು.

ಹೋಗುವುದು, ಉಳಿಯುವುದು

ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಜೂರಿಕ್. ಜೂರಿಕ್ ಮತ್ತು ಮ್ಯೂನಿಕ್ ನಡುವೆ ಓಡುವ ರೈಲು ಜೂರಿಕ್ ವಿಮಾನ ನಿಲ್ದಾಣ, ಸಾಂಕ್ಟ್ ಗಾಲನ್, ಸಾಂಕ್ಟ್ ಮಾರ್ಗ್ರೇಟನ್, ಬ್ರೆಗೆಂಜ್, ಲಿಂಡಾವ್ ಮೂಲಕ ಹೋಗುತ್ತದೆ. ಓಟದ ಮೂರೂ ದೇಶ ಒಂದೇ ರೈಲಿನ ಕಿಟಕಿಯಲ್ಲಿ ಕಾಣುತ್ತವೆ. ಮ್ಯೂನಿಕ್ ಕಡೆಯಿಂದ ಬಂದರೂ ಇದೇ ರೈಲು. ಒಂದು ಎಚ್ಚರಿಕೆ: ಲಿಂಡಾವ್‌ನಲ್ಲಿ ಎರಡು ನಿಲ್ದಾಣ ಇವೆ. ದ್ವೀಪದ ಮೇಲಿರುವುದು ಲಿಂಡಾವ್ ಇನ್ಸೆಲ್. ದಡದ ಮೇಲಿರುವುದು ಲಿಂಡಾವ್ ರಾಯ್ಟಿನ್. ದೂರದ ರೈಲುಗಳು ರಾಯ್ಟಿನ್‌ನಲ್ಲಿ ನಿಲ್ಲುತ್ತವೆ.

ಉಳಿಯಲು ಬ್ರೆಗೆಂಜ್ ಒಳ್ಳೆಯದು. ಲಿಂಡಾವ್ ಜಾಸ್ತಿ ಚಂದ, ಅದು ನಿಜ. ಆದರೆ ಓಟ ಮುಗಿಯುವುದು ಬ್ರೆಗೆಂಜ್‌ನಲ್ಲಿ. 42 ಕಿಲೋಮೀಟರ್ ಓಡಿದ ಕಾಲಿಗೆ ಹಾಸಿಗೆ ಹತ್ತಿರ ಇರಬೇಕು. ಎರಡೂ ಊರಿನ ನಡುವೆ 10 ಕಿಲೋಮೀಟರ್ ಆಸುಪಾಸು, ಹಾಗಾಗಿ ಬೆಳಿಗ್ಗೆ ಹೋಗುವುದು ಕಷ್ಟ ಅಲ್ಲ.

ಫೋನಿನ ವಿಷಯ ಹೇಳಲೇಬೇಕು. ಸರೋವರದ ಈ ಮೂಲೆಯಲ್ಲಿ ಮೂರು ದೇಶದ ಮೊಬೈಲ್ ಸಿಗ್ನಲ್ ಒಂದರ ಮೇಲೊಂದು ಬೀಳುತ್ತವೆ. ನೀವು ಆಸ್ಟ್ರಿಯಾದ ದಡದಲ್ಲಿ ನಿಂತಿದ್ದರೂ ಫೋನು ತಾನಾಗಿ ಸ್ವಿಸ್ ಜಾಲಕ್ಕೆ ಜಿಗಿಯಬಹುದು. ಯುರೋಪಿಯನ್ ಒಕ್ಕೂಟದ ಸಿಮ್‌ನಲ್ಲಿ ಸ್ವಿಟ್ಜರ್‌ಲೆಂಡ್ ಸೇರಿರುವುದಿಲ್ಲ, ಎಷ್ಟೋ ಸಲ. ನನಗೆ ಒಂದು ಸಂಜೆ ದಂಡೆಯ ಬೆಂಚಿನ ಮೇಲೆ ಕೂತು ಮನೆಗೆ ವಿಡಿಯೋ ಕಾಲ್ ಮಾಡಿದ್ದಕ್ಕೆ ಬಂದ ಬಿಲ್ಲು ಒಂದು ಜೊತೆ ಶೂಗಿಂತ ಜಾಸ್ತಿ ಇತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಜಾಲವನ್ನು ಕೈಯಿಂದ ಆರಿಸಿಡಿ. ಇಲ್ಲವೇ ಮೂರೂ ದೇಶ ಸೇರಿದ ಪ್ಲ್ಯಾನ್ ತೆಗೆದುಕೊಳ್ಳಿ.

ತರಬೇತಿ: ಮಳೆಗಾಲದಲ್ಲೇ ಆಗಬೇಕು

ಓಟ ಅಕ್ಟೋಬರ್‌ನಲ್ಲಿ. ಅಂದರೆ 18 ವಾರದ ತಯಾರಿ ಜೂನ್ ಮೊದಲಿಗೆ ಶುರು. ನಮ್ಮ ಕಡೆ ಸರಿಯಾಗಿ ಮಳೆಗಾಲ. ಇದನ್ನು ತೊಂದರೆ ಅಂದುಕೊಳ್ಳಬೇಡಿ. ಒದ್ದೆ ಕಾಲುಚೀಲದಲ್ಲಿ ಓಡಿ ಅಭ್ಯಾಸ ಇರುವವರಿಗೆ ಅಲ್ಲಿ ಮಳೆ ಬಂದರೆ ಗಾಬರಿ ಆಗುವುದಿಲ್ಲ. ಕಾಲ್ಬೆರಳ ಸಂದಿ ಮತ್ತು ಕಂಕುಳಿಗೆ ವ್ಯಾಸಲೀನ್ ಹಚ್ಚುವುದು ರೂಢಿ ಮಾಡಿಕೊಳ್ಳಿ.

ಶುರು ಮಾಡುವ ಹೊತ್ತಿಗೆ 12 ಕಿಲೋಮೀಟರ್ ಆರಾಮಾಗಿ ಓಡುವಂತಿರಬೇಕು. ವಾರಕ್ಕೆ ನಾಲ್ಕು ದಿನ ಸಾಕು. ಎರಡು ದಿನ ನಿಧಾನದ ಓಟ, ಒಂದು ದಿನ ವೇಗದ ಅಭ್ಯಾಸ, ಭಾನುವಾರ ಉದ್ದ ಓಟ. ಉದ್ದ ಓಟವನ್ನು 14ರಿಂದ ಶುರು ಮಾಡಿ ವಾರಕ್ಕೆ ಎರಡು ಕಿಲೋಮೀಟರ್‌ನಂತೆ ಏರಿಸಿ. ಪ್ರತಿ ನಾಲ್ಕನೇ ವಾರ ಇಳಿಸಿ, ಮೈಗೆ ಬಿಡುವು ಕೊಡಿ. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ 30 ಅಥವಾ 32 ಮುಟ್ಟಿರಬೇಕು. ಅದಕ್ಕಿಂತ ಮೇಲೆ ಹೋಗುವುದು ಬೇಡ. ಕೊನೆಯ ಎರಡು ವಾರ ದೂರ ಕಮ್ಮಿ ಮಾಡಿ. ಆಗ ಕಾಲು ಸುಮ್ನೆ ತುರಿಸುತ್ತದೆ, ಓಡೋಣ ಅನ್ನಿಸುತ್ತದೆ. ತಡೆದುಕೊಳ್ಳಿ.

ಇಲ್ಲಿಯವರೆಗೆ ಹೇಳಿದ್ದು ಯಾವ ಮ್ಯಾರಥಾನ್‌ಗಾದರೂ ಸಲ್ಲುತ್ತದೆ. ಈ ಓಟಕ್ಕೇ ಬೇಕಾದ ಮೂರು ಅಭ್ಯಾಸ ಹೇಳುತ್ತೇನೆ.

ಒಂದನೆಯದು, ಸಮತಟ್ಟು. ದಾರಿ ಹೆಚ್ಚುಕಡಿಮೆ ಪೂರ್ತಿ ಚಪ್ಪಟೆ. ಏರು ಅಂದರೆ ಸೇತುವೆಗಳು ಅಷ್ಟೇ. ಕೇಳಲು ಸುಲಭ ಅಲ್ವಾ? ಆದರೆ ಚಪ್ಪಟೆ ದಾರಿಯಲ್ಲಿ ಅದೇ ಸ್ನಾಯು, ಅದೇ ಹೆಜ್ಜೆ, ನಾಲ್ಕೈದು ಗಂಟೆ. ಏರು ಇಳಿವಿನಲ್ಲಿ ಸಿಗುವ ಬದಲಾವಣೆ ಇಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಏರುತಗ್ಗಿನ ರಸ್ತೆಯಲ್ಲೇ ಓಡುವವರಿಗೆ 30 ಕಿಲೋಮೀಟರ್ ದಾಟಿದ ಮೇಲೆ ತೊಡೆಯ ಹಿಂಭಾಗ ಕಲ್ಲಾಗುತ್ತದೆ. ಅದಕ್ಕೆ ತಿಂಗಳಿಗೆ ಎರಡು ಉದ್ದ ಓಟವನ್ನಾದರೂ ಸಮತಟ್ಟಾದ ಕಡೆ ಮಾಡಿ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಇದೆ, ಬೆಂಗಳೂರಿನವರಿಗೆ ಸ್ಯಾಂಕಿ ಕೆರೆ ಇದೆ. ಕೆರೆ ಸುತ್ತುವಾಗ ಎಡಕ್ಕೆ ಒಂದಷ್ಟು, ಬಲಕ್ಕೆ ಒಂದಷ್ಟು ಸುತ್ತಿ. ಒಂದೇ ಕಡೆ ತಿರುಗಿದರೆ ಸೊಂಟ ನೋಯುತ್ತದೆ.

ಎರಡನೆಯದು, ತಡವಾಗಿ ಹೊರಡುವುದು. ನಮ್ಮಲ್ಲಿ ಓಟ ಅಂದರೆ ಬೆಳಗಿನ ಜಾವ 5 ಗಂಟೆ. ಅಕ್ಟೋಬರ್ ಮೊದಲಿಗೆ ಅಲ್ಲಿ ಸೂರ್ಯ ಹುಟ್ಟುವುದೇ 7 ದಾಟಿದ ಮೇಲೆ. ಓಟ ಶುರುವಾಗುವುದು ಇನ್ನೂ ಆಮೇಲೆ. ಅಂದರೆ ಸರಿಯಾದ ತಿಂಡಿ ತಿಂದು ಓಡಬೇಕು. ಖಾಲಿ ಹೊಟ್ಟೆಯಲ್ಲಿ ಓಡಿ ಅಭ್ಯಾಸ ಇರುವವರು ಕನಿಷ್ಠ ಮೂರು ಉದ್ದ ಓಟವನ್ನು ತಿಂಡಿ ತಿಂದು ಎರಡೂವರೆ ಗಂಟೆ ಬಿಟ್ಟು ಶುರು ಮಾಡಿ.

ಮೂರನೆಯದನ್ನು ಯಾರೂ ಹೇಳಿಕೊಡುವುದಿಲ್ಲ. ಒಂಟಿಯಾಗಿ, ಹಾಡಿಲ್ಲದೆ, ಬೇಜಾರಿನ ರಸ್ತೆಯಲ್ಲಿ ಓಡುವುದು. ಉದ್ದ ಓಟದ ಮೊದಲ 15 ಕಿಲೋಮೀಟರ್ ಗೆಳೆಯರ ಜೊತೆ ಓಡಿ. ಆಮೇಲೆ ಅವರನ್ನು ಮನೆಗೆ ಕಳಿಸಿ. ಉಳಿದ 15 ಒಬ್ಬರೇ ಓಡಿ, ಅದನ್ನು ಮೊದಲಿಗಿಂತ ಸ್ವಲ್ಪ ಜೋರಾಗಿ ಓಡಿ. ಅರ್ಧ ಮ್ಯಾರಥಾನ್‌ನವರು ತಿರುಗಿ ಹೋದ ಮೇಲೆ ಫೂಸಾಖ್ ಕಡೆಯ ರಸ್ತೆಯಲ್ಲಿ ನಿಮ್ಮ ಪರಿಸ್ಥಿತಿ ಸರಿಯಾಗಿ ಇದೇ ಆಗಿರುತ್ತದೆ.

ಚೀಲದಲ್ಲಿ ಏನು

ಹವಾಮಾನ ಎರಡು ರೀತಿ ಆಡುತ್ತದೆ. ಸಾಮಾನ್ಯ ಬೆಳಿಗ್ಗೆ ಮಂಜು, ಚಳಿ, ಹತ್ತು ಡಿಗ್ರಿ ಆಸುಪಾಸು ಅಥವಾ ಅದಕ್ಕೂ ಕಮ್ಮಿ. ಆದರೆ ಆಲ್ಪ್ಸ್ ಕಡೆಯಿಂದ ಇಳಿದು ಬರುವ ಫ್ಯೋನ್ ಎಂಬ ಬಿಸಿ ಗಾಳಿ ಬೀಸಿತು ಅಂದರೆ ಅಕ್ಟೋಬರ್‌ನಲ್ಲೂ 20 ಡಿಗ್ರಿ ದಾಟುತ್ತದೆ. ಆ ದಿನ ಬೆಟ್ಟಗಳು ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತವೆ. ಎರಡಕ್ಕೂ ತಯಾರಾಗಿ ಹೋಗಿ. ಗಿಡ್ಡ ತೋಳಿನ ಅಂಗಿ, ಬೇಕಾದಾಗ ಕೆಳಗೆ ಎಳೆದುಕೊಳ್ಳುವ ತೋಳುಚೀಲ, ತೆಳು ಕೈಗವಸು, ಹಳೆಯ ಸ್ವೆಟರ್ ಒಂದು. ಜಾಕೆಟ್ ಹಾಕಿಕೊಂಡು ಓಡಬೇಡಿ, ಐದನೇ ಕಿಲೋಮೀಟರ್‌ಗೆ ಬೆವರಿನಲ್ಲಿ ತೊಯ್ದಿರುತ್ತೀರಿ.

ತಿನ್ನಲು ಅವಲಕ್ಕಿ, ಚಿಕ್ಕಿ, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಪೇಡ, ಹಾಲಿನ ಪದಾರ್ಥ, ಮಾಂಸ ಬೇಡ. ಹೊರದೇಶದಿಂದ ಬರುವವರು ಇವನ್ನು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಓಡುವಾಗ ಶಕ್ತಿಗೆ ತಿನ್ನುವ ಸಿಹಿ ಜೆಲ್‌ಗಳನ್ನು ಊರಿನಿಂದಲೇ ಒಯ್ಯಿರಿ, ಅಭ್ಯಾಸದಲ್ಲಿ ತಿಂದದ್ದನ್ನೇ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಲೆಕ್ಕ ಇಟ್ಟುಕೊಳ್ಳಿ.

ಶೂ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ಲಗೇಜು ಕಳೆದರೆ ಅಂಗಿ ಕೊಳ್ಳಬಹುದು, ಪಳಗಿದ ಶೂ ಕೊಳ್ಳಲು ಆಗುವುದಿಲ್ಲ.

ಶನಿವಾರ

ನಂಬರ್ ಚೀಟಿ ತೆಗೆದುಕೊಳ್ಳಿ. ಆಮೇಲೆ ಮಾಡಬೇಕಾದ ದೊಡ್ಡ ಕೆಲಸ ಅಂಗಡಿಗೆ ಹೋಗುವುದು. ಭಾನುವಾರ ಮೂರೂ ದೇಶದಲ್ಲಿ ಸೂಪರ್‌ಮಾರ್ಕೆಟ್‌ಗಳು ಬಹುತೇಕ ಮುಚ್ಚಿರುತ್ತವೆ. ಶನಿವಾರ ಸಂಜೆಯ ಒಳಗೆ ಬಾಳೆಹಣ್ಣು, ಬ್ರೆಡ್, ಜಾಮ್, ಓಟದ ನಂತರಕ್ಕೆ ಮೊಸರು, ಹಣ್ಣಿನ ರಸ ಎಲ್ಲ ತಂದಿಟ್ಟುಬಿಡಿ. ನೀರು ಕೊಳ್ಳಬೇಕಿಲ್ಲ, ನಲ್ಲಿ ನೀರು ಕುಡಿಯಬಹುದು. ಇದೇ ಸರೋವರದ ನೀರನ್ನು ಜರ್ಮನಿಯ ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯದ ಸುಮಾರು 40 ಲಕ್ಷ ಜನ ಕುಡಿಯುತ್ತಾರೆ.

ಸಸ್ಯಾಹಾರಿಗಳಿಗೆ ಈ ಪ್ರಾಂತದ ಕೇಸ್‌ಕ್ನೋಪ್ಫ್ಲೆ ಸಿಗುತ್ತದೆ. ಹಿಟ್ಟಿನ ಪುಟ್ಟ ಉಂಡೆಗಳಿಗೆ ಚೀಸ್ ಸುರಿದು, ಮೇಲೆ ಕರಿದ ಈರುಳ್ಳಿ ಹಾಕಿ ಕೊಡುತ್ತಾರೆ. ತುಂಬಾ ರುಚಿ. ಆದರೆ ಓಟದ ಹಿಂದಿನ ರಾತ್ರಿ ಬೇಡ, ಚೀಸ್ ಹೊಟ್ಟೆಯಲ್ಲಿ ಭಾರ ಕೂರುತ್ತದೆ. ಆ ರಾತ್ರಿಗೆ ಟೊಮೆಟೊ ಸಾಸ್ ಹಾಕಿದ ಪಾಸ್ತಾ ಸಾಕು.

ಸಮಯದ ವ್ಯತ್ಯಾಸ ಮೂರೂವರೆ ಗಂಟೆ. ಭಾರತಕ್ಕಿಂತ ಹಿಂದೆ. ಹಾಗಾಗಿ ಸಂಜೆ ಬೇಗ ನಿದ್ದೆ ಬರುತ್ತದೆ, ಬೆಳಿಗ್ಗೆ ಬೇಗ ಎಚ್ಚರ ಆಗುತ್ತದೆ. ಓಟಗಾರರಿಗೆ ಇದು ಒಳ್ಳೆಯದೇ. ಗುರುವಾರ ಅಥವಾ ಶುಕ್ರವಾರ ತಲುಪಿದರೆ ಸಾಕು.

ಓಟದ ಬೆಳಿಗ್ಗೆ

ಬ್ರೆಗೆಂಜ್‌ನಿಂದ ಲಿಂಡಾವ್‌ಗೆ ಹೋಗಲು ರೈಲು ಇದೆ, ಹಡಗು ಇದೆ. ಹೊರಡುವ ಸಮಯಗಳು ಸಂಘಟಕರ ಸೂಚನಾ ಪತ್ರದಲ್ಲಿ ಇರುತ್ತವೆ. ನನ್ನ ಮಾತು ಕೇಳಿ, ಹಡಗು ಹತ್ತಿ. ಮಂಜಿನಲ್ಲಿ ದಡ ಕಾಣುವುದಿಲ್ಲ. ಕಬ್ಬಿಣದ ಕಟಕಟೆ ಹಿಡಿದರೆ ಇಬ್ಬನಿಗೆ ಅಂಗೈ ತಣ್ಣಗೆ ಒದ್ದೆಯಾಗುತ್ತದೆ. ನೂರಾರು ಜನ ಇದ್ದರೂ ಯಾರೂ ಜಾಸ್ತಿ ಮಾತಾಡುವುದಿಲ್ಲ. ಯಾರೋ ಬಾಳೆಹಣ್ಣು ಸುಲಿಯುತ್ತಾರೆ, ಅದರ ವಾಸನೆ ಬರುತ್ತದೆ. ಆಮೇಲೆ ಬಂದರಿನ ಬಾಯಿ ಕಾಣುತ್ತದೆ. ಒಂದು ಕಡೆ ಕಲ್ಲಿನ ಬವೇರಿಯನ್ ಸಿಂಹ, 6 ಮೀಟರ್ ಎತ್ತರ. ಇನ್ನೊಂದು ಕಡೆ 33 ಮೀಟರ್ ಎತ್ತರದ ದೀಪಸ್ತಂಭ. ಎರಡೂ 1856ರಿಂದ ಅಲ್ಲೇ ನಿಂತಿವೆ. ಹಡಗು ಅವೆರಡರ ನಡುವೆ ಒಳಗೆ ಬರುತ್ತದೆ.

ಇಳಿದ ತಕ್ಷಣ ಶೌಚಾಲಯದ ಸಾಲಿಗೆ ಹೋಗಿ, ಫೋಟೋ ಆಮೇಲೆ. ಸರೋವರದ ಗಾಳಿಗೆ ಮೈ ಬೇಗ ತಣ್ಣಗಾಗುತ್ತದೆ. ಹಳೆಯ ಸ್ವೆಟರನ್ನು ಕೊನೆಯ ನಿಮಿಷದವರೆಗೂ ಬಿಚ್ಚಬೇಡಿ.

ಓಟ

ನಿಮ್ಮ ವೇಗವನ್ನು ಕಿಲೋಮೀಟರ್ ಲೆಕ್ಕದಲ್ಲಿ ಬಾಯಿಪಾಠ ಮಾಡಿಕೊಳ್ಳಿ. 4 ಗಂಟೆ 30 ನಿಮಿಷಕ್ಕೆ ಮುಗಿಸಬೇಕಾದರೆ ಕಿಲೋಮೀಟರ್‌ಗೆ 6 ನಿಮಿಷ 24 ಸೆಕೆಂಡ್. 5 ಗಂಟೆಗಾದರೆ 7 ನಿಮಿಷ 6 ಸೆಕೆಂಡ್. ಮೊದಲ 10 ಕಿಲೋಮೀಟರ್ ಇದಕ್ಕಿಂತ 10 ಸೆಕೆಂಡ್ ನಿಧಾನ ಓಡಿ. ಪ್ರತಿ ಕಿಲೋಮೀಟರ್‌ಗೂ.

ಇದನ್ನು ಪಾಲಿಸುವುದು ಎಷ್ಟು ಕಷ್ಟ ಅಂತ ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ. ದ್ವೀಪದ ಹಳೆಯ ಬೀದಿಗಳು ಇಕ್ಕಟ್ಟು, ಎರಡೂ ಕಡೆ ಜನ, ದನದ ಗಂಟೆ ಬಾರಿಸುತ್ತಾ ಹೋಪ್ ಹೋಪ್ ಅಂತ ಕೂಗುತ್ತಾರೆ. ದಡಕ್ಕೆ ಬಂದ ಮೇಲೆ ಲೈಬ್ಲಾಖ್ ಎಂಬ ಸಣ್ಣ ಹೊಳೆ. ಜರ್ಮನಿ ಮತ್ತು ಆಸ್ಟ್ರಿಯಾದ ಗಡಿ ಅದೇ. ಹೊಳೆ ದಾಟಿದ್ದು ಗೊತ್ತೇ ಆಗದಷ್ಟು ಸಣ್ಣದು. ಆಮೇಲೆ ಲೋಖಾವ್. ಅಲ್ಲಿಂದ ಬ್ರೆಗೆಂಜ್ ಕಡೆಗೆ ದಂಡೆ ಕಿರಿದಾಗುತ್ತದೆ. ಎಡಕ್ಕೆ 1,064 ಮೀಟರ್ ಎತ್ತರದ ಪ್ಫೆಂಡರ್ ಬೆಟ್ಟ, ಬಲಕ್ಕೆ ನೀರು, ನಡುವೆ ರಸ್ತೆ, ರೈಲು ಹಳಿ, ಕಾಲುದಾರಿ ಎಲ್ಲ ಒತ್ತಿಕೊಂಡಿವೆ. ಈ ದಂಡೆಗೆ ಊರಿನವರು ಪೈಪ್‌ಲೈನ್ ಅನ್ನುತ್ತಾರೆ, ಹಿಂದೆ ಇಲ್ಲಿ ಎಣ್ಣೆಯ ಕೊಳವೆ ಹಾದುಹೋಗಿತ್ತು. ಮಂಜು ಸರಿದು ಬಿಸಿಲು ನೀರಿನ ಮೇಲೆ ಬಿದ್ದರೆ ಕಾಲು ತಾನಾಗಿ ಜೋರಾಗುತ್ತದೆ.

ನನ್ನ ಮೊದಲ ಸಲ ಹಾಗೇ ಆಯ್ತು. ಹತ್ತು ಕಿಲೋಮೀಟರ್‌ಗೆ ಅಂದುಕೊಂಡಿದ್ದಕ್ಕಿಂತ ಮೂರು ನಿಮಿಷ ಮುಂದಿದ್ದೆ. ಖುಷಿಯಾಗಿತ್ತು. 33ನೇ ಕಿಲೋಮೀಟರ್‌ನಲ್ಲಿ ಆ ಮೂರು ನಿಮಿಷಕ್ಕೆ ಇಪ್ಪತ್ತು ನಿಮಿಷ ಕೊಟ್ಟೆ. ಎರಡನೇ ಸಲ ಕೈಗಡಿಯಾರ ನೋಡಿಕೊಂಡು ಕಾಲು ಹಿಡಿದು ಓಡಿದೆ. ಕೊನೆಯವರೆಗೂ ನಡೆಯುವ ಪ್ರಸಂಗ ಬರಲಿಲ್ಲ.

ಬ್ರೆಗೆಂಜ್‌ನಲ್ಲಿ ಸರೋವರದ ಮೇಲೆ ಕಟ್ಟಿದ ದೊಡ್ಡ ರಂಗಮಂಚ ಇದೆ. ಬೇಸಿಗೆಯಲ್ಲಿ ಇಲ್ಲಿ ಆಪೆರಾ ಉತ್ಸವ ನಡೆಯುತ್ತದೆ, 1946ರಿಂದ. ಹತ್ತಿರದಲ್ಲೇ ಓಟ ಮುಗಿಯುವ ಕ್ರೀಡಾಂಗಣ. ಅದರ ಪಕ್ಕದಲ್ಲೇ ನೀವು ಮುಂದೆ ಹೋಗಬೇಕು. ಕಾಲು ಮ್ಯಾರಥಾನ್‌ನವರು ಮುಗಿಸುತ್ತಿರುತ್ತಾರೆ, ಮೈಕಿನ ಸದ್ದು ಕೇಳುತ್ತದೆ. ನಿಮಗೆ ಇನ್ನೂ 30 ಕಿಲೋಮೀಟರ್ ಇದೆ. ಇಲ್ಲಿ ಒಂದು ಜೆಲ್ ತಿನ್ನಿ, ನೀರು ಕುಡಿಯಿರಿ, ಮನಸ್ಸನ್ನು ಮುಂದಕ್ಕೆ ಕಳಿಸಿ.

ನೀರಿನ ಮೇಜುಗಳಲ್ಲಿ ವಾಸರ್ ಅಂದರೆ ನೀರು. ಐಸೋ ಅಂದರೆ ಉಪ್ಪು ಸಕ್ಕರೆ ಬೆರೆಸಿದ ಪಾನೀಯ. ಐಸೋ ಜೊತೆ ಜೆಲ್ ತಿನ್ನಬೇಡಿ, ಸಕ್ಕರೆ ಜಾಸ್ತಿಯಾಗಿ ಹೊಟ್ಟೆ ತೊಳಸುತ್ತದೆ. ಜೆಲ್‌ಗೆ ನೀರು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ಪ್ರತಿ ಮೇಜಿನಲ್ಲಿ ಎರಡು ಗುಟುಕು ಕುಡಿಯಿರಿ.

ಹಾರ್ಡ್ ದಾಟಿದ ಮೇಲೆ ಓಟದ ಬಣ್ಣವೇ ಬೇರೆ. ಅರ್ಧ ಮ್ಯಾರಥಾನ್‌ನವರು ಇರುವುದಿಲ್ಲ. ಗುಂಪು ತೆಳ್ಳಗಾಗುತ್ತದೆ. ಸರೋವರ ಮರೆಯಾಗುತ್ತದೆ. ಹಾರ್ಡ್ ಮತ್ತು ಫೂಸಾಖ್ ನಡುವೆ ಒಂದು ದೊಡ್ಡ ನದಿ ದಾಟುತ್ತೀರಿ. ಅದು ರೈನ್. ಎಲ್ಲರೂ ಇದೇ ಸ್ವಿಟ್ಜರ್‌ಲೆಂಡಿನ ಗಡಿ ಅಂದುಕೊಳ್ಳುತ್ತಾರೆ. ಅಲ್ಲ. ಪ್ರವಾಹದ ಕಾಟ ತಪ್ಪಿಸಲು ಆಸ್ಟ್ರಿಯಾ ಮತ್ತು ಸ್ವಿಟ್ಜರ್‌ಲೆಂಡ್ 1892ರಲ್ಲಿ ಒಪ್ಪಂದ ಮಾಡಿಕೊಂಡು, ರೈನ್ ನದಿಗೆ ಇಲ್ಲಿ ಹೊಸ ನೇರ ಕಾಲುವೆ ತೋಡಿದವು. 1900ರಲ್ಲಿ ನದಿ ಹೊಸ ದಾರಿ ಹಿಡಿಯಿತು. ಗಡಿ ಮಾತ್ರ ಹಳೆಯ ಪಾತ್ರದಲ್ಲೇ ಉಳಿಯಿತು. ಹಾಗಾಗಿ ದೊಡ್ಡ ರೈನ್ ದಾಟಿದರೂ ನೀವು ಆಸ್ಟ್ರಿಯಾದಲ್ಲೇ ಇರುತ್ತೀರಿ. ಮುಂದೆ ಫೂಸಾಖ್, ಹೋಕ್ಸ್ಟ್. ಉದ್ದ ನೇರ ರಸ್ತೆಗಳು, ಮನೆಯ ಮುಂದೆ ಕುರ್ಚಿ ಹಾಕಿ ಕೂತ ಕೆಲವರು, ಹೊಲದ ಗೊಬ್ಬರದ ವಾಸನೆ.

ಈ ಭಾಗಕ್ಕೆ ನಾನು ಒಂದು ಉಪಾಯ ಮಾಡುತ್ತೇನೆ. ದೂರ ಲೆಕ್ಕ ಹಾಕುವುದಿಲ್ಲ, ಊರು ಲೆಕ್ಕ ಹಾಕುತ್ತೇನೆ. ಮುಂದಿನ ಚರ್ಚಿನ ಗೋಪುರದವರೆಗೆ ಓಡು, ಅಷ್ಟೇ. ಅಲ್ಲಿಗೆ ಮುಟ್ಟಿದ ಮೇಲೆ ಮುಂದಿನದು. ಎದುರು ಗಾಳಿ ಇದ್ದರೆ ಯಾರಾದರೂ ನಿಮ್ಮ ವೇಗದವರ ಹಿಂದೆ ಸೇರಿಕೊಳ್ಳಿ, ಸ್ವಲ್ಪ ಹೊತ್ತಾದ ಮೇಲೆ ನೀವು ಮುಂದೆ ಬಂದು ಅವರಿಗೆ ಗಾಳಿ ತಡೆಯಿರಿ. ಭಾಷೆ ಬರದಿದ್ದರೂ ಇದು ಎಲ್ಲರಿಗೂ ಅರ್ಥ ಆಗುತ್ತದೆ.

ಹೋಕ್ಸ್ಟ್ ಮತ್ತು ಸಾಂಕ್ಟ್ ಮಾರ್ಗ್ರೇಟನ್ ನಡುವೆ ಹಳೆಯ ರೈನ್ ಬರುತ್ತದೆ. ನಿಜವಾದ ಗಡಿ ಇದು. ನಾನು ಸೇತುವೆಯ ನಡುವೆ ಹತ್ತು ಸೆಕೆಂಡ್ ನಿಂತೆ. ಕೆಳಗೆ ನೀರು ಕಡು ಹಸಿರು. ಒಂದು ಹಳದಿ ಎಲೆ ಅದರ ಮೇಲೆ ಬಿದ್ದಿತ್ತು. ಯಾವ ಕಡೆ ಹರಿಯುತ್ತದೋ ನೋಡೋಣ ಅಂತ ಕಾದೆ. ಎಲೆ ಕದಲಲೇ ಇಲ್ಲ. ಹಿಂದೆ ಆಲ್ಪ್ಸ್‌ನ ನೀರೆಲ್ಲ ಹೊತ್ತು ಬರುತ್ತಿದ್ದ ನದಿ ಅದು. ಆ ಹತ್ತು ಸೆಕೆಂಡ್ ನನ್ನ ಸಮಯದಲ್ಲಿ ಹೋಯಿತು, ಹೋಗಲಿ. ನೀವೂ ಇಲ್ಲಿ ನಿಲ್ಲಿ.

ಇಲ್ಲಿಂದ ವಾಪಸ್ ದಾರಿ. ದೇಹದ ಸಕ್ಕರೆ ಖಾಲಿಯಾಗುವುದು 30ನೇ ಕಿಲೋಮೀಟರ್ ಆಸುಪಾಸಿನಲ್ಲಿ, ಅದಕ್ಕೆ ಮುಂಚೆಯೇ ಜೆಲ್ ತಿಂದಿರಬೇಕು. ತಲೆ ಹಗುರ ಆದ ಮೇಲೆ ತಿಂದರೆ ತಡವಾಯಿತು. ಕಾಲು ಹಿಡಿದುಕೊಂಡರೆ ಹೆಜ್ಜೆ ಸಣ್ಣ ಮಾಡಿ, ನಿಲ್ಲಬೇಡಿ. ಎದೆ ನೋವು, ಕಣ್ಣು ಮಂಜು, ಚಳಿಯಲ್ಲೂ ತಡೆಯಲಾರದ ನಡುಕ ಬಂದರೆ ಮಾತ್ರ ತಕ್ಷಣ ನಿಲ್ಲಿ, ಪಕ್ಕದ ಸ್ವಯಂಸೇವಕರಿಗೆ ಹೇಳಿ. ನಂಬರ್ ಚೀಟಿಯ ಹಿಂದೆ ಮನೆಯವರ ಫೋನ್ ನಂಬರ್, ರಕ್ತದ ಗುಂಪು, ಅಲರ್ಜಿ ಬರೆದಿರಬೇಕು. ಅದನ್ನು ಶನಿವಾರವೇ ಬರೆಯಿರಿ.

ಮತ್ತೆ ಹಾರ್ಡ್. ಮತ್ತೆ ಬ್ರೆಗೆಂಜರ್ ಆಖ್ ನದಿಯ ಸೇತುವೆ. ಈ ಹೊತ್ತಿಗೆ ಆ ಸಣ್ಣ ಏರೂ ಗುಡ್ಡದ ಹಾಗೆ ಅನ್ನಿಸುತ್ತದೆ. ಆಮೇಲೆ ಬ್ರೆಗೆಂಜ್, ಮತ್ತೆ ನೀರಿನ ಬೆಳಕು. ಬೆಳಿಗ್ಗೆ ಉಳಿಸಿಕೊಂಡಿದ್ದನ್ನೆಲ್ಲ ಖರ್ಚು ಮಾಡುವ ಜಾಗ ಇದು. ಕ್ರೀಡಾಂಗಣದೊಳಗೆ ಹೋಗುವಾಗ ತಲೆ ಎತ್ತಿ ಓಡಿ.

ಮುಗಿದ ಮೇಲೆ

ಕೂರಬೇಡಿ. ಹತ್ತು ನಿಮಿಷ ನಡೆಯಿರಿ. ಒದ್ದೆ ಅಂಗಿ ತಕ್ಷಣ ಬದಲಿಸಿ, ಬೆವರು ಆರುವಾಗ ಚಳಿ ಹತ್ತುತ್ತದೆ. ಅರ್ಧ ಗಂಟೆಯೊಳಗೆ ಏನಾದರೂ ತಿನ್ನಿ. ರಾತ್ರಿ ಕೇಸ್‌ಕ್ನೋಪ್ಫ್ಲೆ ಎರಡು ತಟ್ಟೆ ತಿಂದರೂ ಯಾರೂ ಕೇಳುವುದಿಲ್ಲ.

ವಾಪಸ್ ವಿಮಾನ ಸೋಮವಾರ ಬೇಡ, ಮಂಗಳವಾರ ಇರಲಿ. ಮ್ಯಾರಥಾನ್ ಓಡಿದ ಮೈಗೆ ಹತ್ತು ಗಂಟೆ ಸೀಟಿನಲ್ಲಿ ಕೂರುವುದು ಒಳ್ಳೆಯದಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ವಿಮಾನದಲ್ಲಿ ಬಿಗಿ ಕಾಲುಚೀಲ ಹಾಕಿಕೊಳ್ಳಿ, ಗಂಟೆಗೊಮ್ಮೆ ಎದ್ದು ಓಡಾಡಿ.

ಸೋಮವಾರ ಬೆಳಿಗ್ಗೆ ಬ್ರೆಗೆಂಜ್‌ನಿಂದ ಪ್ಫೆಂಡರ್ ಬೆಟ್ಟಕ್ಕೆ ಕೇಬಲ್ ಕಾರು ಹತ್ತಿ. 1927ರಿಂದ ಓಡುತ್ತಿದೆ. ಮೇಲೆ ಹೋಗಿ ನಿಂತರೆ ಭಾನುವಾರದ ಓಟ ಪೂರ್ತಿ ಕಾಲ ಕೆಳಗೆ ಕಾಣುತ್ತದೆ. ಬಲಕ್ಕೆ ಲಿಂಡಾವ್ ದ್ವೀಪ. ಕೆಳಗೆ ರಂಗಮಂಚ, ಕ್ರೀಡಾಂಗಣ. ಎಡಕ್ಕೆ ರೈನ್, ಎರಡು ಉದ್ದ ದಿಬ್ಬಗಳ ನಡುವೆ ಸರೋವರದೊಳಗೆ ಚಾಚಿಕೊಂಡಿರುತ್ತದೆ, ಅದರ ಕೆಸರು ನೀರು ಬೇರೆ ಬಣ್ಣದಲ್ಲಿ ಹರಡಿರುತ್ತದೆ. ಈ ದೊಡ್ಡ ಸರೋವರದ ಮೇಲೆ ಮೂರು ದೇಶಗಳೂ ಒಪ್ಪಿದ ಗಡಿ ಗೆರೆ ಇವತ್ತಿಗೂ ಇಲ್ಲ. ರೈನ್‌ನ ಆಚೆ, ಹೋಕ್ಸ್ಟ್‌ನ ಚರ್ಚಿನ ಹಿಂದೆ ಮರಗಳ ಒಂದು ಸಾಲು ಹುಡುಕಿ. ನೀವು ನಿಂತು ನೋಡಿದ ಹಳೆಯ ರೈನ್ ಆ ಕಡೆಯೇ ಇದೆ.